ಆರ್‌ಕ್ಲೋನ್: ಎಲ್ಲಿ ಕೈಕೊಟ್ಟಿತು ಅಂತ ತಾನೇ ಹೇಳುವ ಸಾಧನ

ಕ್ಲೌಡ್‌ಗೆ ಫೈಲ್ ಸಿಂಕ್ ಮಾಡುವ ಆಪ್‌ಗಳಲ್ಲಿ ನನಗೆ ಸಿಟ್ಟು ಬರಿಸುವುದು ಸದಾ ತಿರುಗುತ್ತಲೇ ಇರುವ ಆ ಪುಟ್ಟ ಬಾಣ. ಒಂದು ಫೈಲ್ ಹೋಗಿಲ್ಲ. ಯಾಕೆ ಹೋಗಿಲ್ಲ? ಉತ್ತರವಿಲ್ಲ. ‘ಏನೋ ತೊಂದರೆಯಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎಂಬ ಸಾಲು ಬಂದರೆ ಅದೇ ದೊಡ್ಡದು. ಅದಕ್ಕೆ ಬೇಸತ್ತು ಆರ್‌ಕ್ಲೋನ್‌ಗೆ (rclone) ಬಂದೆ. ಇದು ಟರ್ಮಿನಲ್‌ನಲ್ಲಿ ಆದೇಶ ಟೈಪ್ ಮಾಡಿ ಓಡಿಸುವ, ಫೈಲ್‌ಗಳನ್ನು ಕ್ಲೌಡ್‌ಗೆ ಕಳಿಸುವ ಸಾಧನ. ವರ್ಷಗಳಾದವು, ಇನ್ನೂ ಅದನ್ನೇ ಬಳಸುತ್ತಿದ್ದೇನೆ.

70ಕ್ಕೂ ಹೆಚ್ಚು ಕ್ಲೌಡ್ ಸೇವೆಗಳ ಜೊತೆ ಕೆಲಸ ಮಾಡುತ್ತದೆ, ಉಚಿತ, ಓಪನ್ ಸೋರ್ಸ್. ಇದೆಲ್ಲ ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೂ ಹುಡುಕಿದರೆ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಇದು ಕೆಟ್ಟಾಗ ಹೇಗಿರುತ್ತದೆ ಅಂತ. ಬ್ಯಾಕಪ್ ಸಾಧನದ ಬೆಲೆ ಗೊತ್ತಾಗುವುದು ಅಂಥ ಹೊತ್ತಿನಲ್ಲೇ ಅಲ್ವಾ?

ನನ್ನದು ಹಳೆಯ ಕಂಪ್ಯೂಟರ್, ಅಪ್‌ಲೋಡ್ ವೇಗವೂ ಕಡಿಮೆ. ಫೋಟೋಗಳು, ಸ್ಕ್ಯಾನ್ ಮಾಡಿದ ಕಾಗದಪತ್ರಗಳು, ಟಿಪ್ಪಣಿಗಳು ರಾತ್ರಿ ಕ್ರಾನ್ (ಹೇಳಿದ ಹೊತ್ತಿಗೆ ಆದೇಶವನ್ನು ತಾನೇ ಓಡಿಸುವ ವ್ಯವಸ್ಥೆ) ಮೂಲಕ ಕ್ಲೌಡ್‌ಗೆ ಹೋಗುತ್ತವೆ. ಬೆಳಿಗ್ಗೆ ಮೇಲ್ ನೋಡುವ ಮೊದಲು ಆರ್‌ಕ್ಲೋನ್ ಬರೆದ ಲಾಗ್, ಅಂದರೆ ಅದು ಮಾಡಿದ ಕೆಲಸದ ದಾಖಲೆ, ತೆರೆಯುತ್ತೇನೆ. ಇದು ಅಭ್ಯಾಸವಾಗಿ ಹೋಗಿದೆ. ಸೀದಾ ಕೊನೆಗೆ ಹೋಗುತ್ತೇನೆ. ಎಷ್ಟು ಕಳಿಸಿತು, ಎಷ್ಟು ಫೈಲ್ ಹೋಲಿಸಿ ನೋಡಿತು, ಎಷ್ಟು ಹೊತ್ತು ಹಿಡಿಯಿತು, ಎಲ್ಲ ಅಲ್ಲಿರುತ್ತದೆ. ಎರರ್ಸ್ ಎಂಬ ಸಾಲು ಇಲ್ಲದಿದ್ದರೆ ಲಾಗ್ ಮುಚ್ಚಿ ಬೇರೆ ಕೆಲಸ ನೋಡುತ್ತೇನೆ. ಇದ್ದರೆ ಆ ಪದ ಹುಡುಕುತ್ತಾ ಮೇಲಕ್ಕೆ ಹೋಗುತ್ತೇನೆ. ಆದೇಶಕ್ಕೆ ಒಂದು ‘ವಿ’ (-v) ಸೇರಿಸಿದರೆ ಯಾವ ಫೈಲ್ ಹೋಯಿತು, ಯಾವುದು ಅಳಿಯಿತು ಅಂತ ಬರೆಯುತ್ತದೆ. ಎರಡು ‘ವಿ’ (-vv) ಸೇರಿಸಿದರೆ ಯಾವುದನ್ನು ಯಾಕೆ ಮುಟ್ಟಲಿಲ್ಲ ಅಂತಲೂ ಬರೆಯುತ್ತದೆ. ರಾತ್ರಿಯ ಕೆಲಸಕ್ಕೆ ಒಂದು ಸಾಕು. ಎರಡನೆಯದು ತೊಂದರೆ ಹುಡುಕುವಾಗ ಮಾತ್ರ, ಇಲ್ಲದಿದ್ದರೆ ಲಾಗ್ ಓದಲಾಗದಷ್ಟು ಉದ್ದವಾಗುತ್ತದೆ.

ಮೊದಲು ನನಗೆ ಕಿರಿಕಿರಿ ಮಾಡಿದ್ದು ಈ ಲಾಗ್‌ನಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಸಾಲು. ಐಓ ಎರರ್ (ಫೈಲ್ ಓದುವಾಗ ಬರೆಯುವಾಗ ಆಗುವ ತಪ್ಪು) ಇದ್ದ ಕಾರಣ ಫೈಲ್‌ಗಳನ್ನು ಅಳಿಸುತ್ತಿಲ್ಲ ಎಂಬುದು ಅದರ ಅರ್ಥ. ಸಿಂಕ್ ಅಂದರೆ ಕ್ಲೌಡ್ ಕಡೆಯನ್ನು ನಮ್ಮ ಫೋಲ್ಡರ್‌ನ ತದ್ರೂಪು ಮಾಡುವುದು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಬೇಕು. ಆದರೆ ದಿನಗಟ್ಟಲೆ ಏನೂ ಅಳಿಯುತ್ತಿರಲಿಲ್ಲ. ನಾನು ತೆಗೆದುಕೊಂಡಿದ್ದು ಚಿಕ್ಕ ಪ್ಲಾನ್. ಬೇಡದ ವಿಡಿಯೋಗಳು ಅಲ್ಲೇ ಕೂತು ಜಾಗ ತುಂಬಿಕೊಳ್ಳುತ್ತಿದ್ದವು. ಲಾಗ್‌ನಲ್ಲಿ ಮೇಲೆ ಹೋಗಿ ನೋಡಿದರೆ ಕಾರಣ ಒಂದೇ ಒಂದು ಫೈಲ್. ಟಿಪ್ಪಣಿ ಬರೆಯುವ ಆಪ್ ರಾತ್ರಿಯಿಡೀ ತನ್ನ ಡೇಟಾಬೇಸ್ ಫೈಲ್‌ಗೆ ಏನೋ ಬರೆಯುತ್ತಲೇ ಇತ್ತು. ಕಳಿಸುವ ಹೊತ್ತಿನಲ್ಲೇ ಫೈಲ್ ಬದಲಾಗುತ್ತಿದೆ, ಹಾಗಾಗಿ ಕಾಪಿ ಮಾಡಲಾಗದು ಅಂತ ಆರ್‌ಕ್ಲೋನ್ ಸ್ಪಷ್ಟವಾಗಿ ಬರೆದಿತ್ತು. ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬ ಗಾತ್ರವನ್ನೂ ಕೊಟ್ಟಿತ್ತು. ಪೂರ್ತಿ ಸಿಂಕನ್ನು ಮೂರು ಸಲ ಪ್ರಯತ್ನಿಸಿ ಕೈಬಿಟ್ಟಿತ್ತು. ಅದರ ಡಿಫಾಲ್ಟ್ ಅಷ್ಟೇ. ಆ ಫೈಲ್ ಒಂದನ್ನು ಎಕ್ಸ್‌ಕ್ಲೂಡ್ ಮಾಡಿ, ಅಂದರೆ ಸಿಂಕ್‌ನಿಂದ ಹೊರಗಿಟ್ಟು, ಅದರ ರಫ್ತು ಪ್ರತಿಯನ್ನು ಬೇರೆ ಫೋಲ್ಡರ್‌ಗೆ ಹಾಕಿದ ಮೇಲೆ ಸರಿಹೋಯಿತು.

ಒಂದು ಫೈಲ್‌ಗೋಸ್ಕರ ಅಳಿಸುವ ಕೆಲಸವನ್ನೆಲ್ಲ ನಿಲ್ಲಿಸುವುದು ಅತಿಯಾಯಿತು ಅಂತ ಆಗ ಅನಿಸಿತ್ತು. ಇಗ್ನೋರ್-ಎರರ್ಸ್ ಅಂತ ಒಂದು ಆಯ್ಕೆ ಇದೆ, ಹಾಕಿದರೆ ಎರರ್ ಇದ್ದರೂ ಅಳಿಸುತ್ತದೆ. ಅದನ್ನು ಹಾಕುವ ಮನಸ್ಸಾಗಿತ್ತು. ಹಾಕಲಿಲ್ಲ, ಅದೇ ಒಳ್ಳೆಯದಾಯಿತು. ಮುಂದೆ ಹೊರಗಿನ ಡಿಸ್ಕ್ ಹಾಳಾಗತೊಡಗಿತು. ಅರ್ಧ ಫೋಲ್ಡರ್‌ಗಳು ಓದಲು ಬರುತ್ತಿರಲಿಲ್ಲ. ಓದಲಾಗದ ಫೋಲ್ಡರ್ ಸಿಂಕ್‌ನ ಕಣ್ಣಿಗೆ ಹೇಗೆ ಕಾಣಬಹುದು? ಅಲ್ಲಿ ಫೈಲ್‌ಗಳೇ ಇಲ್ಲ ಅಂತ ತಿಳಿದರೆ ಕ್ಲೌಡ್‌ನಲ್ಲಿದ್ದ ಒಳ್ಳೆಯ ಪ್ರತಿಯೂ ಹೋಗುತ್ತಿತ್ತು. ಆರ್‌ಕ್ಲೋನ್ ಅದೇ ಸಾಲು ಬರೆದು ಏನನ್ನೂ ಅಳಿಸದೆ ಕೂತಿತ್ತು. ನನಗೆ ಕಿರಿಕಿರಿ ಮಾಡುತ್ತಿದ್ದ ಸಾಲೇ ನನ್ನ ಫೋಟೋಗಳನ್ನು ಉಳಿಸಿತು. ಆಮೇಲೆ ಈ ಸಾಧನದ ಮೇಲಿನ ನನ್ನ ಭಾವನೆಯೇ ಬದಲಾಯಿತು.

ಆದರೆ ಈ ರಕ್ಷಣೆಗೆ ಒಂದು ದೊಡ್ಡ ತೂತಿದೆ. ಅದನ್ನು ಬಿಡಿಸಿ ಹೇಳಲೇಬೇಕು. ಡಿಸ್ಕ್ ಮೌಂಟ್ ಆಗದೇ ಇದ್ದರೆ, ಅಂದರೆ ಕಂಪ್ಯೂಟರ್‌ಗೆ ಜೋಡಣೆಯಾಗದಿದ್ದರೆ, ಅದು ಕಾಣಿಸಿಕೊಳ್ಳಬೇಕಾದ ಜಾಗ (ಮೌಂಟ್ ಪಾಯಿಂಟ್) ಸುಮ್ನೆ ಖಾಲಿ ಫೋಲ್ಡರ್ ಆಗಿ ಉಳಿಯಬಹುದು. ಖಾಲಿ ಫೋಲ್ಡರ್ ಓದುವುದರಲ್ಲಿ ಯಾವ ಎರರ್ ಕೂಡ ಇಲ್ಲ. ಆಗ ಸಿಂಕ್ ತನಗೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತದೆ, ಅಂದರೆ ಕ್ಲೌಡ್ ಕಡೆಯನ್ನೂ ಖಾಲಿ ಮಾಡುತ್ತದೆ. ಹಾಗಾಗಿ ಮೌಂಟ್ ಪಾಯಿಂಟನ್ನೇ ಸೋರ್ಸ್ ಅಂತ ಕೊಡಬೇಡಿ. ಡಿಸ್ಕ್ ಒಳಗಿನ ಒಂದು ಫೋಲ್ಡರ್ ಹೆಸರು ಕೊಡಿ. ಡಿಸ್ಕ್ ಇಲ್ಲದಿದ್ದರೆ ಆ ಫೋಲ್ಡರ್ ಕೂಡ ಇರುವುದಿಲ್ಲ. ಡೈರೆಕ್ಟರಿ ಸಿಗಲಿಲ್ಲ ಅಂತ ಹೇಳಿ 3 ಎಂಬ ಎಕ್ಸಿಟ್ ಕೋಡ್ (ಕೆಲಸ ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ) ಕೊಟ್ಟು ಆರ್‌ಕ್ಲೋನ್ ನಿಲ್ಲುತ್ತದೆ, ಏನೂ ಅಳಿಯುವುದಿಲ್ಲ. ಜೊತೆಗೆ ಮ್ಯಾಕ್ಸ್-ಡಿಲೀಟ್ ಆಯ್ಕೆಯಲ್ಲಿ ಒಂದು ಸಂಖ್ಯೆ ಕೊಟ್ಟಿಡಿ, ಅದಕ್ಕಿಂತ ಜಾಸ್ತಿ ಅಳಿಸಲು ಹೋಗುವುದಿಲ್ಲ. ಬ್ಯಾಕಪ್-ಡಿರ್ ಕೊಟ್ಟರೆ ಅಳಿಯಬೇಕಾದ ಮತ್ತು ಬದಲಾಗುವ ಫೈಲ್‌ಗಳ ಹಳೆಯ ಪ್ರತಿಗಳನ್ನು ಅದೇ ಕ್ಲೌಡ್‌ನ ಇನ್ನೊಂದು ಫೋಲ್ಡರ್‌ಗೆ ಸರಿಸಿ ಇಡುತ್ತದೆ. ಇದಕ್ಕೆ ಜಾಗ ಬೇಕು ನಿಜ. ಆ ಫೋಲ್ಡರನ್ನು ಆಗಾಗ ಸ್ವಚ್ಛ ಮಾಡುತ್ತೇನೆ. ಆದ್ದರಿಂದ ನನ್ನ ಚಿಕ್ಕ ಪ್ಲಾನ್ ಇನ್ನೂ ಸಾಕಾಗುತ್ತಿದೆ.

ಎರಡು ‘ವಿ’ಯ ಉಪಯೋಗ ನನಗೆ ಗೊತ್ತಾಗಿದ್ದು ಹೊಸ ಡಿಸ್ಕ್‌ಗೆ ಫೋಟೋಗಳನ್ನು ಸರಿಸಿದ ಮೇಲೆ. ಒಂದೂ ಫೋಟೋ ಬದಲಾಗಿಲ್ಲ, ಆದರೂ ರಾತ್ರಿ ಎಲ್ಲವೂ ಮತ್ತೆ ಅಪ್‌ಲೋಡ್ ಆಗತೊಡಗಿದವು. ಬೇರೆ ಆಪ್ ಆಗಿದ್ದರೆ ನಾನು ಬಾಣ ನೋಡುತ್ತಾ ಕೂರಬೇಕಿತ್ತು. ಇಲ್ಲಿ ಪ್ರತಿ ಫೈಲ್‌ನ ಪಕ್ಕ ಕಾರಣ ಬರೆದಿತ್ತು: ಫೈಲ್ ಬದಲಾದ ಸಮಯದಲ್ಲಿ ಇಷ್ಟು ವ್ಯತ್ಯಾಸವಿದೆ ಅಂತ. ಕಾಪಿ ಮಾಡುವಾಗ ಹಳೆಯ ಸಮಯ ಉಳಿದಿರಲಿಲ್ಲ, ಎಲ್ಲಕ್ಕೂ ಆವತ್ತಿನ ಸಮಯ ಬಂದಿತ್ತು. ಸಾಮಾನ್ಯವಾಗಿ ಸಮಯ ಬೇರೆಯಾಗಿ ಗಾತ್ರ ಒಂದೇ ಇದ್ದರೆ ಆರ್‌ಕ್ಲೋನ್ ಹ್ಯಾಶ್ (ಫೈಲ್‌ನ ಒಳಗಿನದನ್ನು ಲೆಕ್ಕ ಹಾಕಿ ಪಡೆದ ಗುರುತು) ಹೋಲಿಸಿ ನೋಡುತ್ತದೆ. ಹ್ಯಾಶ್ ಒಂದೇ ಇದ್ದರೆ, ಸೇವೆ ಬಿಟ್ಟರೆ, ಸಮಯ ಮಾತ್ರ ಸರಿಪಡಿಸಿ ಮುಂದೆ ಹೋಗುತ್ತದೆ. ನಾನು ಬಳಸುವುದು ಕ್ರಿಪ್ಟ್, ಅಂದರೆ ಫೈಲ್‌ಗಳು ಗೂಢಲಿಪಿಯಾಗಿ ಹೋಗುತ್ತವೆ. ಕ್ರಿಪ್ಟ್‌ನಲ್ಲಿ ಹ್ಯಾಶ್ ಇರುವುದಿಲ್ಲ. ಹೋಲಿಸಲು ಏನೂ ಸಿಗದೆ ಪೂರ್ತಿ ಫೈಲನ್ನೇ ಕಳಿಸುತ್ತದೆ. ಫೋಟೋ ಫೋಲ್ಡರ್‌ಗೆ ಮಾತ್ರ ಸೈಜ್-ಓನ್ಲಿ ಆಯ್ಕೆ ಹಾಕಿದೆ. ತೆಗೆದ ಫೋಟೋವನ್ನು ನಾನು ತಿದ್ದುವುದಿಲ್ಲ, ಹಾಗಾಗಿ ಗಾತ್ರ ನೋಡಿದರೆ ಸಾಕು. ಟಿಪ್ಪಣಿಗಳಿಗೆ ಇದನ್ನು ಹಾಕಬಾರದು. ಒಂದಕ್ಷರ ತೆಗೆದು ಇನ್ನೊಂದು ಬರೆದರೆ ಗಾತ್ರ ಅಷ್ಟೇ ಇರಬಹುದು. ಕ್ರಿಪ್ಟ್‌ನಲ್ಲಿ ಫೈಲ್‌ಗಳು ಸರಿಯಾಗಿ ಹೋಗಿವೆಯಾ ಅಂತ ನೋಡಲು ಚೆಕ್ ಆದೇಶದ ಬದಲು ಕ್ರಿಪ್ಟ್‌ಚೆಕ್ ಎಂಬುದಿದೆ, ಅದನ್ನೇ ಬಳಸಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇಲ್ಲಿ ಒಂದು ಮಾತು. ಕ್ರಿಪ್ಟ್ ಹೆಸರನ್ನೂ ಗೂಢಲಿಪಿ ಮಾಡುತ್ತದೆ, ಹಾಗೆ ಮಾಡಿದಾಗ ಹೆಸರು ಉದ್ದವಾಗುತ್ತದೆ. ಹೆಸರಿಗೆ 255ರ ಮಿತಿ ಇರುವ ಕಡೆ ಮೂಲ ಹೆಸರು 143 ಬೈಟ್ ದಾಟುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಕ್ಷಿ’ ಕಣ್ಣಿಗೆ ಒಂದೇ ಅಕ್ಷರ, ಲೆಕ್ಕದಲ್ಲಿ 12 ಬೈಟ್. ಒಟ್ಟಾರೆ 47 ಚಿಹ್ನೆಗಳಿಗೇ ಮಿತಿ ಮುಗಿಯುತ್ತದೆ. ‘ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ ಹಳೆಯ ದಾಖಲೆಪತ್ರಗಳು, ಎರಡನೆಯ ಕಂತು’ ಅಂತ ಪೂರ್ತಿ ವಾಕ್ಯವನ್ನೇ ಹೆಸರಾಗಿ ಇಡುವವರಿಗೆ ಇದು ಅಡ್ಡ ಬರುತ್ತದೆ. ಶುರುವಿನಲ್ಲೇ ಫೈಲ್‌ನೇಮ್ ಎನ್‌ಕೋಡಿಂಗ್ ಅನ್ನು ಬೇಸ್64 ಮಾಡಿದರೆ ಸ್ವಲ್ಪ ಜಾಸ್ತಿ ಜಾಗ ಸಿಗುತ್ತದೆ. ಆದರೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅಂತ ನೋಡುವ ಸೇವೆಗಳಲ್ಲಿ ಮಾತ್ರ ಅದು ಸರಿ. ಆಮೇಲೆ ಬದಲಾಯಿಸಲು ಹೋಗಬೇಡಿ, ಹಳೆಯ ಹೆಸರುಗಳು ಓದಲು ಬರುವುದಿಲ್ಲ. ಇನ್ನೊಂದು ಕಡೆ ಆರ್‌ಕ್ಲೋನ್ ನನಗೆ ಖುಷಿ ಕೊಟ್ಟಿತು. ‘ಫೋಟೋ’ದಂಥ ಪದದಲ್ಲಿರುವ ಓ ಗುಣಿತವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ಹೆಸರು ಹೋಲಿಸುವಾಗ ಆರ್‌ಕ್ಲೋನ್ ಎರಡನ್ನೂ ಒಂದೇ ಅಂತ ನೋಡುತ್ತದೆ, ಸುಮ್ನೆ ಎರಡು ಪ್ರತಿ ಮಾಡುವುದಿಲ್ಲ.

ಹೊಸಬರನ್ನು ಹೆಚ್ಚು ಕಾಡುವ ಎರಡು ತೊಂದರೆಗಳನ್ನು ಬೇಗ ಹೇಳಿಬಿಡುತ್ತೇನೆ. ಕೈಯಾರೆ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಮಾತ್ರ ಕಾನ್ಫಿಗ್ ಫೈಲ್‌ನಲ್ಲಿ (ಆರ್‌ಕ್ಲೋನ್‌ನ ಸೆಟ್ಟಿಂಗ್‌ಗಳಿರುವ ಫೈಲ್) ಆ ಸೆಕ್ಷನ್ ಇಲ್ಲ ಅಂತ ಬಂದರೆ, ಸಾಮಾನ್ಯವಾಗಿ ಕ್ರಾನ್ ಬೇರೆ ಬಳಕೆದಾರನ ಹೆಸರಲ್ಲಿ ಓಡುತ್ತಿರುತ್ತದೆ. ಕಾನ್ಫಿಗ್ ಆಯ್ಕೆಯಲ್ಲಿ ಫೈಲ್‌ನ ಪೂರ್ತಿ ದಾರಿ ಕೊಡಿ. ಆ ದಾರಿ ಯಾವುದು ಅಂತ ‘ಆರ್‌ಕ್ಲೋನ್ ಕಾನ್ಫಿಗ್ ಫೈಲ್’ ಆದೇಶವೇ ಹೇಳುತ್ತದೆ. ಇನ್ನೊಂದು, ಗೂಗಲ್ ಡ್ರೈವ್‌ಗೆ ಸ್ವಂತ ಕ್ಲೈಂಟ್ ಐಡಿ (ಗೂಗಲ್‌ನಲ್ಲಿ ಒಂದು ಪ್ರಾಜೆಕ್ಟ್ ತೆರೆದು ಪಡೆಯುವ ಆಪ್ ಗುರುತು) ಮಾಡಿಕೊಂಡವರಿಗೆ. ಆ ಪ್ರಾಜೆಕ್ಟ್ ಟೆಸ್ಟಿಂಗ್ ಹಂತದಲ್ಲೇ ಇದ್ದರೆ ನೀವು ಕೊಟ್ಟ ಒಪ್ಪಿಗೆಯ ಟೋಕನ್ 7 ದಿನಕ್ಕೆ ಮುಗಿಯುತ್ತದೆ. ಪ್ರತಿ ವಾರ ಇನ್‌ವ್ಯಾಲಿಡ್ ಗ್ರಾಂಟ್ ಅಂತ ಬರುತ್ತಿದ್ದರೆ ಮೊದಲು ಅದನ್ನು ನೋಡಿ. ಪ್ರಾಜೆಕ್ಟನ್ನು ಪ್ರೊಡಕ್ಷನ್‌ಗೆ ಬದಲಾಯಿಸಿ, ಕಾನ್ಫಿಗ್ ರೀಕನೆಕ್ಟ್ ಆದೇಶ ಕೊಟ್ಟು ಮತ್ತೆ ಒಪ್ಪಿಗೆ ಕೊಟ್ಟರೆ ಮುಗಿಯಿತು.

ಇಷ್ಟವಾಗದ್ದು ಏನೂ ಇಲ್ಲವಾ ಅಂದರೆ, ಇದೆ. ಯಾವ ಫೈಲ್ ಹೋಗಬೇಕು, ಯಾವುದು ಬೇಡ ಅಂತ ಹೇಳುವ ಫಿಲ್ಟರ್ ನಿಯಮಗಳು ಇನ್ನೂ ನನಗೆ ತಲೆನೋವು. ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ನಿಯಮವೇ ಅಂತಿಮ. ಶುರುವಿನಲ್ಲಿ ಒಂದು ಓರೆಗೆರೆ ಇದ್ದರೆ ಒಂದರ್ಥ, ಇಲ್ಲದಿದ್ದರೆ ಇನ್ನೊಂದು. ಒಂದು ನಕ್ಷತ್ರ ಓರೆಗೆರೆ ದಾಟುವುದಿಲ್ಲ, ಎರಡು ದಾಟುತ್ತವೆ. ಇನ್‌ಕ್ಲೂಡ್ ಮತ್ತು ಎಕ್ಸ್‌ಕ್ಲೂಡ್ ಎರಡನ್ನೂ ಬೆರೆಸಿದರೆ ಯಾವುದು ಮೊದಲು ಎಂಬ ಭರವಸೆಯೇ ಇಲ್ಲ. ಹಾಗಾಗಿ ಎಲ್ಲವನ್ನೂ ಒಂದು ಫಿಲ್ಟರ್ ಫೈಲ್‌ನಲ್ಲಿ ಬರೆದು, ಡ್ರೈ-ರನ್ (ಏನನ್ನೂ ಮುಟ್ಟದೆ ಏನಾಗುತ್ತಿತ್ತು ಅಂತ ಮಾತ್ರ ತೋರಿಸುವ ಆಯ್ಕೆ) ಹಾಕಿ ನೋಡದೆ ನಾನು ಯಾವ ಬದಲಾವಣೆಯನ್ನೂ ಕ್ರಾನ್‌ಗೆ ಬಿಡುವುದಿಲ್ಲ. ಹೊರಗಿಟ್ಟ ಫೈಲ್‌ಗಳನ್ನು ಕ್ಲೌಡ್‌ನಲ್ಲೂ ಅಳಿಸುವ ಡಿಲೀಟ್-ಎಕ್ಸ್‌ಕ್ಲೂಡೆಡ್ ಆಯ್ಕೆಯನ್ನಂತೂ ಕ್ರಾನ್‌ನ ಹತ್ತಿರಕ್ಕೇ ತರುವುದಿಲ್ಲ. ಫಿಲ್ಟರ್‌ನಲ್ಲಿ ಒಂದು ನಕ್ಷತ್ರ ತಪ್ಪಿದರೂ ಕ್ಲೌಡ್ ಕಡೆಯ ಫೈಲ್ ಹೋಗಬಹುದು.

ಬೈಸಿಂಕ್ ಇನ್ನೊಂದು. ಎರಡು ಕಡೆಯೂ ಬದಲಾಗುವ ಫೋಲ್ಡರ್‌ಗೆ ಅಂತ ಮಾಡಿದ್ದು. ಮೊದಲ ಸಲ ರೀಸಿಂಕ್ ಕೊಡಬೇಕು. ಮಧ್ಯದಲ್ಲಿ ಗಂಭೀರವಾದದ್ದು ಏನಾದರೂ ಕೆಟ್ಟರೆ ನಿಂತು ಮತ್ತೆ ರೀಸಿಂಕ್ ಕೇಳುತ್ತದೆ. ಈಚಿನ ಆವೃತ್ತಿಗಳಲ್ಲಿ ರೆಸಿಲಿಯಂಟ್, ರಿಕವರ್ ಎಂಬ ಆಯ್ಕೆಗಳು ಬಂದು ಸುಧಾರಿಸಿದೆ. ಆದರೂ ರೀಸಿಂಕ್ ಎರಡು ಕಡೆಯ ಫೈಲ್‌ಗಳನ್ನು ಸೇರಿಸುವುದರಿಂದ, ಒಂದು ಕಡೆ ಅಳಿಸಿದ್ದು ಮತ್ತೆ ವಾಪಸ್ ಬಂದು ಕೂರುತ್ತದೆ. ನಾನು ಅದನ್ನು ಬಿಟ್ಟು ಒಂದೇ ದಿಕ್ಕಿನ ಸಿಂಕ್‌ಗೆ ಅಂಟಿಕೊಂಡಿದ್ದೇನೆ. ಫೋನು, ಕಂಪ್ಯೂಟರ್ ಎರಡರಲ್ಲೂ ದಿನವಿಡೀ ಒಂದೇ ಫೈಲ್ ತಿದ್ದುವವರಿಗೆ ಆರ್‌ಕ್ಲೋನ್ ಬಳಸಿ ಅಂತ ಹೇಳುವುದಿಲ್ಲ, ಉಚಿತವಾಗಿದ್ದರೂ. ಬ್ಯಾಕಪ್‌ಗೆ ಬೇಕು ಅನ್ನುವವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ.

ಕ್ರಿಪ್ಟ್ ಹಾಕಿಕೊಂಡರೆ ಮೊದಲ ದಿನವೇ ಒಂದು ಕೆಲಸ ಮಾಡಿ. ಅದು ಕೇಳುವ ಎರಡೂ ಪಾಸ್‌ವರ್ಡ್‌ಗಳನ್ನು (ಎರಡನೆಯದು ಸಾಲ್ಟ್, ಕೊಟ್ಟಿದ್ದರೆ) ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ. ಕಾನ್ಫಿಗ್ ಫೈಲ್‌ನಲ್ಲಿ ಅವು ಗೂಢಲಿಪಿಯಾಗಿ ಇರುವುದಿಲ್ಲ, ಮೇಲ್ನೋಟಕ್ಕೆ ಕಾಣದಂತೆ ಮರೆಮಾಡಿರುತ್ತಾರೆ ಅಷ್ಟೇ. ಆದ್ದರಿಂದ ಆ ಫೈಲ್‌ಗೂ ಕಾನ್ಫಿಗ್ ಆದೇಶದಲ್ಲೇ ಒಂದು ಪಾಸ್‌ವರ್ಡ್ ಹಾಕಬಹುದು. ಆಮೇಲೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಆ ಕಾಗದ ಒಂದನ್ನೇ ನೋಡಿ ಹೊಸದಾಗಿ ಕ್ರಿಪ್ಟ್ ರಿಮೋಟ್ (ಆರ್‌ಕ್ಲೋನ್‌ನಲ್ಲಿ ಕ್ಲೌಡ್ ಜಾಗಕ್ಕೆ ಮಾಡುವ ಸೆಟ್ಟಿಂಗ್) ಮಾಡಿ, ಒಂದು ಫೋಟೋ ಇಳಿಸಿ ತೆರೆದು ನೋಡಿ. ತೆರೆಯದಿದ್ದರೆ ಎಲ್ಲವನ್ನೂ ಅಪ್‌ಲೋಡ್ ಮಾಡುವ ಮೊದಲೇ ಸರಿಪಡಿಸಿಕೊಳ್ಳಿ. ಆ ಪಾಸ್‌ವರ್ಡ್ ಕಳೆದುಹೋದರೆ ಫೈಲ್‌ಗಳನ್ನು ಯಾರೂ ತೆರೆದುಕೊಡಲಾರರು.