ಬೆಕ್ಕಿಗೆ ಸ್ನಾನವೋ, ಒದ್ದೆ ಬಟ್ಟೆಯೋ, ಬರೀ ಬಾಚಣಿಗೆಯೋ?

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಗಿಡ್ಡ ಕೂದಲಿನ ನಾಡಬೆಕ್ಕಿಗೆ ಸ್ನಾನದ ಅಗತ್ಯ ಬಹುತೇಕ ಇಲ್ಲ. ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ಅದು ಮೈ ನೆಕ್ಕಿಕೊಳ್ಳುವುದರಲ್ಲೇ ಕಳೆಯುತ್ತದೆ. ವಾರಕ್ಕೊಮ್ಮೆ ಬಾಚಿದರೆ ಸಾಕು. ಪರ್ಷಿಯನ್ ತಳಿಯಾದರೆ ದಿನವೂ ಬಾಚಬೇಕು, ಆಗಾಗ ಸ್ನಾನವೂ ಬೇಕಾಗಬಹುದು. ಕೂದಲಿನ ಗಂಟುಗಳನ್ನು ಮೊದಲೇ ಬಿಡಿಸಿ. ನೀರು ಬಿದ್ದರೆ ಅವು ಇನ್ನಷ್ಟು ಬಿಗಿಯುತ್ತವೆ.

ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಬಂದರೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಮುದಿ ಬೆಕ್ಕಿಗೂ, ನೀರು ಕಂಡರೆ ಹೌಹಾರುವ ಬೆಕ್ಕಿಗೂ ನಾನು ಇದನ್ನೇ ಆರಿಸುತ್ತೇನೆ.

ಆದರೆ ರಂಗಪಂಚಮಿಯ ಬಣ್ಣವೋ, ಗ್ಯಾರೇಜಿನ ಎಣ್ಣೆಯೋ ಮೈಗೆ ಹತ್ತಿದ್ದರೆ ತಡಮಾಡದೆ ತೊಳೆಯಬೇಕು, ಪಶುವೈದ್ಯರಿಗೂ ತಿಳಿಸಬೇಕು. ಮೈಮೇಲಿದ್ದದ್ದೆಲ್ಲ ನೆಕ್ಕಿದಾಗ ಹೊಟ್ಟೆಗೇ ಹೋಗುತ್ತದೆ. ಸ್ನಾನದ ಟಬ್ಬಿನ ತಳಕ್ಕೆ ಟವೆಲ್ ಹಾಸಿದರೆ ಕಾಲು ಜಾರುವುದಿಲ್ಲ, ಅರ್ಧ ಗಾಬರಿ ಅಲ್ಲಿಗೇ ಇಳಿಯುತ್ತದೆ. ಉಗುರುಬೆಚ್ಚಗಿನ ನೀರನ್ನು ಚೊಂಬಿನಿಂದ ಕುತ್ತಿಗೆಯ ಕೆಳಗಷ್ಟೇ ಹಾಕಿ. ಮುಖಕ್ಕೆ ಒದ್ದೆ ಬಟ್ಟೆ ಮಾತ್ರ.

ಶಾಂಪೂ ಬೆಕ್ಕಿನದೇ ಆಗಿರಲಿ. ನಮ್ಮ ಸೋಪು ಅದರ ಚರ್ಮವನ್ನು ಒಣಗಿಸುತ್ತದೆ. ಡೆಟಾಲ್, ಫಿನೈಲ್ ಅದಕ್ಕೆ ವಿಷ. ನಾಯಿಯ ಚಿಗಟದ ಔಷಧದಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಕುತ್ತು. ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ.

ಧಾರವಾಡದ ಚಳಿಯಲ್ಲಿ ಬೆಳಗಿನ ಸ್ನಾನ ಬೇಡ. ಮಧ್ಯಾಹ್ನ ಮಾಡಿಸಿ, ಪೂರ್ತಿ ಒಣಗುವವರೆಗೆ ಬೆಚ್ಚಗಿಡಿ. ಇದ್ದಕ್ಕಿದ್ದಂತೆ ಮೈ ನೆಕ್ಕಿಕೊಳ್ಳುವುದನ್ನೇ ಬಿಟ್ಟ ಬೆಕ್ಕಿಗೆ ಮಾತ್ರ ಬೇಕಾದದ್ದು ಸ್ನಾನವಲ್ಲ, ಪಶು ಆಸ್ಪತ್ರೆ.