ಪೇಂಟ್‌ಬಾಲ್ ರೆಗ್ಯುಲೇಟರ್: ಓರಿಂಗ್ ಸಾಕೇ, ಸೀಟ್-ಪಿಸ್ಟನ್ ಬೇಕೇ, ಪೂರ್ತಿ ಹೊಸದೇ ಹಾಕಬೇಕೇ?

ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್ ಆಟಕ್ಕೆ ಬಾಡಿಗೆಗೆ ಕೊಡುವ ಟಿಪ್‌ಮನ್ 98 ತರದ ಗನ್‌ಗಳ ಒಳಗೆ ಗಾಳಿಯ ಒತ್ತಡ ಇಳಿಸುವ ರೆಗ್ಯುಲೇಟರ್ ಇರುವುದಿಲ್ಲ. 3000 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಗಾಳಿಯನ್ನು ಸುಮಾರು 850ಕ್ಕೆ ಇಳಿಸುವುದು ಟ್ಯಾಂಕಿನ ತಲೆಯ ಮೇಲೆ ಕೂತಿರುವ ರೆಗ್ಯುಲೇಟರ್. ಅದು ಕೆಟ್ಟರೆ ಮೂರು ದಾರಿ: ಗಾಳಿ ಸೋರದಂತೆ ತಡೆಯುವ ರಬ್ಬರಿನಂಥ ಬಳೆಯನ್ನು (ಓರಿಂಗ್) ಮಾತ್ರ ಬದಲಿಸುವುದು, ಒಳಗೆ ಗಾಳಿಯ ದಾರಿಯನ್ನು ಮುಚ್ಚಿ ತೆರೆಯುವ ಸೀಟ್ ಮತ್ತು ಪಿಸ್ಟನ್ ಬದಲಿಸುವುದು, ಇಡೀ ರೆಗ್ಯುಲೇಟರನ್ನೇ ಬದಲಿಸುವುದು. ನಾವು ಮೂರನ್ನೂ ಮಾಡಿ ನೋಡಿದ್ದೇವೆ. ಯಾವುದು ಸರಿ ಅನ್ನುವುದನ್ನು ಬೆಲೆ ನೋಡಿ ತೀರ್ಮಾನಿಸಬಾರದು, ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ನೋಡಿ ತೀರ್ಮಾನಿಸಬೇಕು.

ಸೋಪು ನೀರು ಹಚ್ಚಿ. ಟ್ಯಾಂಕ್ ಗನ್ನಿಗೆ ಸೇರುವ ಜಾಗದಲ್ಲಿ ಗುಳ್ಳೆ ಬಂದರೆ ಅದು 015 ನಂಬರಿನ ಓರಿಂಗ್, ಎರಡು ನಿಮಿಷದ ಕೆಲಸ. ರೆಗ್ಯುಲೇಟರ್ ಬದಿಯಲ್ಲಿರುವ ಸೂಜಿಗಾತ್ರದ ತೂತಿನಿಂದ ಗುಳ್ಳೆ ಬಂದರೆ ಪಿಸ್ಟನ್ ಮೇಲಿನ ಓರಿಂಗ್ ಸವೆದಿದೆ. ಸ್ಪ್ರಿಂಗ್ ಇರುವ ಕೋಣೆಗೆ ಗಾಳಿ ನುಗ್ಗಿದಾಗ ಹೊರಹೋಗಲೆಂದೇ ಆ ತೂತು ಇರುವುದು, ಅದನ್ನು ಎಂದಿಗೂ ಮುಚ್ಚಬೇಡಿ. ಈ ಎರಡೂ ಸಂದರ್ಭಕ್ಕೆ ಓರಿಂಗ್ ಸಾಕು.

ಓರಿಂಗ್ ಕೊಳ್ಳುವಾಗಲೇ ಹೆಚ್ಚಿನವರು ಎಡವುತ್ತಾರೆ. 015ರ ಒಳಗಿನ ಅಳತೆ 14 ಮಿ.ಮೀ., ದಪ್ಪ 1.78 ಮಿ.ಮೀ. ಕುಶಾಲನಗರದಲ್ಲಿರಲಿ ಮಡಿಕೇರಿಯಲ್ಲಿರಲಿ, ಸ್ಪ್ರೇಯರ್, ಪಂಪ್ ರಿಪೇರಿ ಅಂಗಡಿಯಲ್ಲಿ ಹಳೆಯದನ್ನು ತೋರಿಸಿ ಕೇಳಿದರೆ 2 ಮಿ.ಮೀ. ದಪ್ಪದ್ದು ಕೈಗೆ ಬರುವ ಸಾಧ್ಯತೆ ಇದೆ. ಕಣ್ಣಿಗೆ ವ್ಯತ್ಯಾಸ ಕಾಣದು. ಹಾಕಿದರೆ ಅದು ಕೂರುವ ತೋಡಿನಿಂದ ಹೊರಗುಬ್ಬಿ, ಟ್ಯಾಂಕ್ ತಿರುಪುವಾಗ ಕತ್ತರಿಸಿಹೋಗುತ್ತದೆ. ವರ್ನಿಯರ್ ಒಯ್ಯಿರಿ, 1.8 ಸಿಕ್ಕಿದರೆ ನಡೆಯುತ್ತದೆ. ಇನ್ನೊಂದು ವಿಷಯ ಗಡಸುತನ: ಸಾಮಾನ್ಯ ಕರಿ ನೈಟ್ರೈಲ್ ರಬ್ಬರ್ 70 ಶೋರ್ (ಗಡಸುತನದ ಅಳತೆ), ಟ್ಯಾಂಕಿನ ಬಾಯಿಗೆ ಬೇಕಾದದ್ದು 90 ಶೋರ್ ಪಾಲಿಯುರೆಥೇನ್. ಗಾಳಿಯ ಬದಲು ಸಿಒ2 (ಇಂಗಾಲದ ಡೈಆಕ್ಸೈಡ್) ಬಳಸುವ ಕಡೆಯಂತೂ ನೈಟ್ರೈಲ್ ಅನಿಲ ಹೀರಿ ಊದಿಕೊಳ್ಳುತ್ತದೆ, ಟ್ಯಾಂಕ್ ತೆಗೆದ ಕೂಡಲೇ ಒಡೆಯುತ್ತದೆ.

ಹೊರಗೆಲ್ಲೂ ಗುಳ್ಳೆ ಇಲ್ಲ, ಆದರೂ ಗನ್ ಐದು ನಿಮಿಷ ಸುಮ್ಮನಿದ್ದು ಹೊಡೆದ ಮೊದಲ ಗುಂಡು ಮಾತ್ರ ಜೋರಾಗಿ ಹೋಗುತ್ತಿದೆಯೇ? 280 ಎಫ್‌ಪಿಎಸ್‌ಗೆ (ಸೆಕೆಂಡಿಗೆ ಅಡಿ) ಹೊಂದಿಸಿದ್ದು ವೇಗ ಅಳೆಯುವ ಕ್ರೋನೋದಲ್ಲಿ 300 ದಾಟುತ್ತಿದೆಯೇ? ಇದು ಸೀಟಿನ ಕಾಯಿಲೆ. ಸೀಟ್ ಪೂರ್ತಿ ಮುಚ್ಚದೆ ಟ್ಯಾಂಕಿನ ಗಾಳಿ ಒಳಗೇ ಜಿನುಗಿ ಪ್ರೆಷರ್ ಏರುತ್ತಿರುತ್ತದೆ. ಇಲ್ಲಿ ಎಷ್ಟು ಓರಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಆಟಗಾರರ ಮೈಗೆ ಬೀಳುವ ಗುಂಡಿನ ವೇಗ ಇದು, ಆ ಟ್ಯಾಂಕನ್ನು ಅಂದಿನ ಮಟ್ಟಿಗೆ ಬದಿಗಿಡಿ.

ಬಿಚ್ಚುವ ಮೊದಲು ಟ್ಯಾಂಕ್ ಖಾಲಿ ಆಗಲೇಬೇಕು. ಪ್ರೆಷರ್ ಇಳಿದಂತೆ ಗುಂಡನ್ನು ಮುಂದಕ್ಕೆ ತಳ್ಳುವ ಬೋಲ್ಟ್ ತಾನಾಗಿ ಹಿಂದಕ್ಕೆ ಬರುವುದು ನಿಲ್ಲುತ್ತದೆ, ಆಗ ಅದನ್ನು ಕೈಯಿಂದ ಹಿಂದಕ್ಕೆಳೆದು ಕೊನೆಯವರೆಗೂ ಹೊಡೆಯಿರಿ. ಗೇಜ್ ಸೊನ್ನೆ ತೋರಿಸಿತೆಂದು ನಂಬಬೇಡಿ, ಮುಳ್ಳು ಅಂಟಿಕೊಂಡಿರಬಹುದು. ಟ್ಯಾಂಕ್ ತೆಗೆದು, ಕನ್ನಡಕ ಹಾಕಿಕೊಂಡು, ಬಾಯಿಯ ಪಿನ್ ಒತ್ತಿ ನೋಡಿ. ಆಮೇಲೆ ಮೇಲಿನ ಟೊಪ್ಪಿಯನ್ನು ಸ್ಟ್ರಾಪ್ ವ್ರೆಂಚಿನಿಂದ ಬಿಚ್ಚಿ. ಪೈಪ್ ವ್ರೆಂಚ್ ಹಾಕಿದರೆ ಅಲ್ಯೂಮಿನಿಯಂ ಕಚ್ಚಿಹೋಗುತ್ತದೆ. ಪಿಸ್ಟನ್ ಜೊತೆ ತಟ್ಟೆಯ ಹಾಗೆ ಬಾಗಿದ ಸ್ಪ್ರಿಂಗ್ ವಾಷರ್‌ಗಳ ಸಾಲು ಬರುತ್ತದೆ. ಅದನ್ನು ಕದಲಿಸುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದೇ ಒಂದು ವಾಷರ್ ಮಗುಚಿ ಕೂತರೂ ಹೊರಬರುವ ಪ್ರೆಷರ್ ಬದಲಾಗುತ್ತದೆ.

ಸೀಟಿನ ಮೇಲೆ ಪಿಸ್ಟನ್ ತುದಿ ಒತ್ತಿದ ಉಂಗುರದ ಗುರುತು ಕಾಣುತ್ತದೆ. ತೆಳುವಾಗಿ, ಎಲ್ಲ ಕಡೆ ಸಮವಾಗಿದ್ದರೆ ತೊಂದರೆಯಿಲ್ಲ. ಒಂದು ಬದಿ ಆಳವಾಗಿದ್ದರೆ ಅಥವಾ ಮಣ್ಣಿನ ಕಣ ಹೂತಿದ್ದರೆ ಅದರ ಆಯುಷ್ಯ ಮುಗಿಯಿತು. ಮಗುಚಿ ಹಾಕುವುದು, 1500 ನಂಬರಿನ ಪೇಪರಿನಲ್ಲಿ ಉಜ್ಜುವುದು, ಎರಡರಿಂದಲೂ ತಾತ್ಕಾಲಿಕವಾಗಿ ಕೆಲಸ ನಡೆಯಬಹುದು, ಆದರೆ ಉಜ್ಜಿದ್ದು ಬಹಳ ಕಾಲ ಬಾಳುವುದಿಲ್ಲ, ಪ್ರೆಷರ್ ಮತ್ತೆ ಏರಲು ಶುರುವಾಗುತ್ತದೆ. ಸೀಟ್ ಒಂದನ್ನೇ ಹೊಸದು ಹಾಕುವುದೂ ಅರ್ಧ ಕೆಲಸ: ಪಿಸ್ಟನ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಅಂಚಿನಲ್ಲಿ ಸಣ್ಣ ಕಚ್ಚಿದ್ದರೂ ಹೊಸ ಸೀಟನ್ನು ಅದು ಮತ್ತೆ ಕೊರೆಯುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸುವುದೇ ನಮ್ಮ ಆಯ್ಕೆ. ಓರಿಂಗ್‌ಗಳಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸಾಕು. ಸಾದಾ ಗ್ರೀಸ್, ಎಂಜಿನ್ ಆಯಿಲ್ ಹತ್ತಿರ ಸುಳಿಯಬಾರದು, ಅಧಿಕ ಒತ್ತಡದ ಗಾಳಿಯಲ್ಲಿ ಅವು ಹೊತ್ತಿಕೊಳ್ಳಬಹುದು.

ಕೊಡಗಿನ ಮಳೆಗಾಲವೂ ಈ ಲೆಕ್ಕದಲ್ಲಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಕಂಪ್ರೆಸರಿನ ಫಿಲ್ಟರ್ ಬೇಗ ನೆನೆದುಹೋಗುತ್ತದೆ, ಆಮೇಲೆ ಟ್ಯಾಂಕಿಗೆ ಗಾಳಿಯ ಜೊತೆ ನೀರೂ ಹೋಗುತ್ತದೆ. ಇತ್ತ ಬದಿಯ ತೂತಿನಿಂದ ಹೊರಗಿನ ತೇವ ಸೇರಿ ವಾಷರ್‌ಗಳಿಗೆ ತುಕ್ಕು ಹಿಡಿಯುತ್ತದೆ. ಆಟದ ಮೈದಾನದ ಕೆಂಪು ಮಣ್ಣು ಗಾಳಿ ತುಂಬುವ ಮೂತಿಗೆ (ಫಿಲ್ ನಿಪ್ಪಲ್) ಅಂಟಿ, ಒರೆಸದೆ ಗಾಳಿ ತುಂಬಿದರೆ ನೇರ ಒಳಗೆ ಹೋಗುತ್ತದೆ. ಸೀಟಿನಲ್ಲಿ ಹೂತ ಕಣ ಹಾಗೆ ಬಂದದ್ದೇ. ಆಟವಿಲ್ಲದ ತಿಂಗಳುಗಳಲ್ಲಿ ಟ್ಯಾಂಕನ್ನು ಪೂರ್ತಿ ಬರಿದು ಮಾಡಿಡಬೇಡಿ, 300–500 ಪಿಎಸ್‌ಐ ಉಳಿದಿರಲಿ.

ಪಿಸ್ಟನ್ ಓಡಾಡುವ ಕೊಳವೆಯಲ್ಲಿ ಉಗುರಿಗೆ ಸಿಗುವ ಗೀರು ಅಥವಾ ಬಿಳಿ ತುಕ್ಕು ಇದ್ದರೆ, ತಿರುಪಿನ ಥ್ರೆಡ್‌ಗಳು ತಿಂದುಹೋಗಿದ್ದರೆ, ರಿಪೇರಿ ಮಾತು ಬಿಡಿ. ಪೂರ್ತಿ ಹೊಸದು. ಬಾಟಲಿಯ (ಟ್ಯಾಂಕಿನ) ಥ್ರೆಡ್ ಸಾಮಾನ್ಯವಾಗಿ 5/8-18 ಅಳತೆಯದು, ಹಾಗಾಗಿ ಕೂರುವುದೇನೋ ಕೂರುತ್ತದೆ, ಹೊಂದುತ್ತದೆಯೇ ಎಂಬುದು ಬೇರೆ ಪ್ರಶ್ನೆ. 3000 ಪಿಎಸ್‌ಐ ಬಾಟಲಿಗೆ 5000ದ ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿಮೀರಿದರೆ ಒಡೆದು ಗಾಳಿ ಹೊರಬಿಡುವ ತೆಳು ತಗಡು) ಇರಬೇಕು, 4500ರದಕ್ಕೆ ಬರುವ 7500ರದ್ದು ಸಲ್ಲದು. ಟಿಪ್‌ಮನ್‌ಗೆ 450 ಪಿಎಸ್‌ಐ ಕೊಡುವ ರೆಗ್ಯುಲೇಟರ್ ತಂದರೆ ಬೋಲ್ಟ್ ಪೂರ್ತಿ ಹಿಂದೆ ಸರಿಯದೆ, ಟ್ರಿಗರ್ ಒಮ್ಮೆ ಒತ್ತಿದರೂ ಪಟಪಟನೆ ಹೊಡೆಯತೊಡಗಬಹುದು. ಬಾಟಲಿಯಿಂದ ರೆಗ್ಯುಲೇಟರ್ ಬಿಚ್ಚಿ ಕೂರಿಸುವ ಈ ಕೆಲಸವನ್ನು ಮಾತ್ರ ತರಬೇತಾದವರಿಂದಲೇ ಮಾಡಿಸಿ.

ಸಿಒ2ಗೆ ಮರಳಿದರೆ ಈ ತಾಪತ್ರಯ ತಪ್ಪುತ್ತದೆಯೇ ಎಂದು ಕೇಳುವವರಿದ್ದಾರೆ. 10 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 650 ಪಿಎಸ್‌ಐ, 20ರಲ್ಲಿ 830, 30ರಲ್ಲಿ 1050. ಮಡಿಕೇರಿಯ ಜನವರಿ ಬೆಳಗ್ಗೆ ಹೊಂದಿಸಿದ ವೇಗ ಮಧ್ಯಾಹ್ನದ ಬಿಸಿಲಿಗೆ ನಿಲ್ಲುವುದಿಲ್ಲ.

ಯಾವ ದಾರಿ ಹಿಡಿದರೂ ಜೋಡಿಸಿದ ಮೇಲೆ ಮೊದಲು 500 ಪಿಎಸ್‌ಐವರೆಗೆ ನಿಧಾನವಾಗಿ ತುಂಬಿ ಸೋಪು ನೀರು ಹಚ್ಚಿ ನೋಡಿ, ಆಮೇಲೆ 3000. ಕ್ರೋನೋ ಮುಂದೆ ಕೆಲವು ಗುಂಡು ಹೊಡೆದು, ಗನ್ನನ್ನು ಹತ್ತು ನಿಮಿಷ ಹಾಗೇ ಇಟ್ಟು, ಮತ್ತೊಂದು ಹೊಡೆಯಿರಿ. ಆ ಒಂದು ಗುಂಡು ಉಳಿದವುಗಳಿಗಿಂತ ಜೋರಾಗಿ ಹೋದರೆ ಸೀಟ್ ಇನ್ನೂ ಜಿನುಗುತ್ತಿದೆ. ಮತ್ತೆ ಬಿಚ್ಚಿ.