ಮೇ ತಿಂಗಳಲ್ಲಿ ಉಂಚಳ್ಳಿಯೋ, ಯಾಣವೋ, ಸಹಸ್ರಲಿಂಗವೋ?

ಮಕ್ಕಳ ರಜೆಗೆ ಶಿರಸಿಯ ತವರಿಗೆ ಹೋದಾಗ ಒಂದು ದಿನ ಬುತ್ತಿ ಕಟ್ಟಿಕೊಂಡು ಶಾಲ್ಮಲಾ ಹೊಳೆಯ ಸಹಸ್ರಲಿಂಗಕ್ಕೆ ಹೋಗುವುದು ನಮ್ಮ ಮನೆಯ ಹಳೆಯ ರೂಢಿ. ಹೋದ ಬೇಸಿಗೆಯಲ್ಲಿ ಅಣ್ಣನ ಮಕ್ಕಳು ತಕರಾರು ತೆಗೆದರು. "ಅತ್ತೆ, ಪ್ರತಿ ಸಲ ಅದೇ ಹೊಳೆ, ಅದೇ ಕಲ್ಲು" ಎಂದು ಮೊಬೈಲಿನಲ್ಲಿ ಉಂಚಳ್ಳಿ ಜಲಪಾತದ ಚಿತ್ರ ತೋರಿಸಿದರು. ಹಾಲು ಉಕ್ಕಿದಂತೆ ಧುಮುಕುವ ನೀರು, ಸುತ್ತ ಮಂಜು. ಅದು ಮಳೆಗಾಲದ ಚಿತ್ರ ಎಂಬುದು, ಇದೇ ಊರಿನಲ್ಲಿ ಹುಟ್ಟಿ ಬೆಳೆದ ನನಗೂ ಹೊಳೆಯಲಿಲ್ಲ. 2,800 ರೂಪಾಯಿಗೆ ಜೀಪು ಗೊತ್ತು ಮಾಡಿದೆ.

ಉಂಚಳ್ಳಿಗೆ ಇನ್ನೊಂದು ಹೆಸರು ಕೆಪ್ಪ ಜೋಗ. ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುವ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಎಂದು ಆ ಹೆಸರು. ಮೇ ತಿಂಗಳ ಮಧ್ಯಾಹ್ನ ನಮಗೆ ಕೇಳಿಸಿದ್ದು ಜೀರುಂಡೆ. ಹೆಗ್ಗರಣೆ ದಾಟಿ, ಧೂಳು ಕುಡಿದು, ಮೆಟ್ಟಿಲಿಳಿದು ನೋಡಿದರೆ ಎದುರಿನ ಕರಿಬಂಡೆಯ ಮೇಲೆ ಯಾರೋ ಒಣಹಾಕಿ ಮರೆತ ಪಂಚೆಯ ಹಾಗೆ ತೆಳ್ಳಗೆ ನೀರು. ಸಣ್ಣವನು ಮೊಬೈಲನ್ನೊಮ್ಮೆ, ಕಣಿವೆಯನ್ನೊಮ್ಮೆ ನೋಡಿ "ಇದು ಅದೇನಾ?" ಎಂದ.

ನೀರು ಕಡಿಮೆ ಇತ್ತು ಎಂಬುದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ಬೇರೆ ಕಾರಣಕ್ಕೆ. ಅಲ್ಲಿ ನೀರನ್ನು ದೂರದಿಂದ ನೋಡಬೇಕು, ಮುಟ್ಟುವಂತಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಮೈ ಮುದುಡಿ ಬಂದವಳಿಗೆ ಬೇಕಾದದ್ದು ಕಾಲು ಇಳಿಬಿಡಲು ಒಂದಿಷ್ಟು ಹೊಳೆ. ಅದರ ಬದಲು ಸಿಕ್ಕಿದ್ದು ಕೈ ಸುಡುವ ಕಬ್ಬಿಣದ ಕಂಬಿ, ಮತ್ತು ಇಳಿದಷ್ಟೂ ಮೆಟ್ಟಿಲುಗಳನ್ನು ಮತ್ತೆ ಹತ್ತುವ ಯೋಗ. ಮೊಣಕಾಲು ನೋವಿನ ಆಯಿ ಮೇಲೆಯೇ ಮರದ ನೆರಳಿನಲ್ಲಿ ಕುಳಿತಿದ್ದಳು. ಏದುಸಿರು ಬಿಡುತ್ತ ಬಂದ ನಮ್ಮನ್ನು ನೋಡಿ "ನೀರು ಇತ್ತೇ?" ಎಂದು ಕೇಳಿದಳು. "ಇತ್ತು, ನಮ್ಮ ಬಚ್ಚಲ ನಲ್ಲಿಯಲ್ಲಿ ಬರುವಷ್ಟು" ಎಂದೆ. ಜೀಪಿನವನು ಆಗ ಬಾಯಿ ಬಿಟ್ಟ: "ಅಕ್ಕಾ, ಈಗ ನೀರಿರುವುದಿಲ್ಲ. ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ." ಬುತ್ತಿಯನ್ನು ಮನೆಗೆ ತಂದು ಜಗಲಿಯಲ್ಲಿ ಉಂಡೆವು.

ಯಾಣಕ್ಕೆ ಅದಕ್ಕೂ ಎರಡು ವರ್ಷ ಹಿಂದೆ ಹೋಗಿದ್ದೆವು. ಅದರ ಮೇಲೆ ನನಗೆ ದೂರಿಲ್ಲ. 120 ಮೀಟರಿನ ಭೈರವೇಶ್ವರ ಶಿಖರದ ಬುಡಕ್ಕೆ ಹೋಗಿ ಕತ್ತೆತ್ತಿದರೆ ಸೆಕೆ ಮರೆತುಹೋಗುತ್ತದೆ, ಬಂಡೆಯ ಸೀಳಿನೊಳಗಂತೂ ಮೇ ತಿಂಗಳಲ್ಲೂ ತಂಪು. ಸೊಕ್ಕಿದ್ದವನಿಗೆ ಯಾಣ, ರೊಕ್ಕವಿದ್ದವನಿಗೆ ಗೋಕರ್ಣ ಎಂಬ ಗಾದೆ ರಸ್ತೆ ಇಲ್ಲದ ಕಾಲದ್ದು. ಈಗ ಶಿರಸಿ ಕಡೆಯಿಂದ ಹೋದರೆ ನಡಿಗೆ ಸ್ವಲ್ಪವೇ. ಆದರೂ ಮೆಟ್ಟಿಲುಗಳಿವೆ, ಆಯಿಗೆ ಆಗುವುದಿಲ್ಲ. ಬಂಡೆಗೆ ಜೋತುಬಿದ್ದ ಹೆಜ್ಜೇನಿನ ಕೆಳಗೆ ಗದ್ದಲದ ಮಕ್ಕಳನ್ನು ಸುಮ್ಮನಿರಿಸುವುದು ನನಗೆ ಆಗುವುದಿಲ್ಲ.

ಇನ್ನು ಸಹಸ್ರಲಿಂಗ. ಬೇಸಿಗೆಯಲ್ಲಿ ಉಳಿದ ಕಡೆ ನೀರಿಳಿದರೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಶಾಲ್ಮಲೆಯಲ್ಲಿ ನೀರಿಳಿದ ಮೇಲೆಯೇ ನೋಡುವುದು ಶುರುವಾಗುತ್ತದೆ. ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ (1678–1718) ಹೊಳೆಯ ಬಂಡೆಗಳಲ್ಲಿ ಕಡೆಸಿದ ಲಿಂಗಗಳು, ಎದುರು ಕುಳಿತ ನಂದಿಗಳು ಮಳೆಗಾಲದಲ್ಲಿ ಮುಳುಗಿ ಈಗ ಒಂದೊಂದಾಗಿ ಮೇಲೇಳುತ್ತವೆ. ಶಿವರಾತ್ರಿಯ ಜಾತ್ರೆ ಮುಗಿದಿರುವುದರಿಂದ ಮೇ ತಿಂಗಳ ವಾರದ ದಿನಗಳಲ್ಲಿ ಗದ್ದಲವೂ ಇಲ್ಲ.

ತೊಂದರೆ ಇಲ್ಲವೆಂದಲ್ಲ. ಬಟ್ಟೆ ಬದಲಿಸಲು ಮರೆ ಹುಡುಕಬೇಕು. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಆಳದ ಮಡುಗಳ ಹತ್ತಿರ ಮಕ್ಕಳನ್ನು ಬಿಡಬಾರದು. ಎಲ್ಲಕ್ಕಿಂತ ದೊಡ್ಡದು ಆಯಿಯ ಕಾವಲು. "ಲಿಂಗ ತುಳಿಯಬೇಡ" ಎಂದು ಅವಳು ದಡದಿಂದಲೇ ಕೂಗುತ್ತಿರುತ್ತಾಳೆ. ಎಷ್ಟೋ ಲಿಂಗಗಳು ನೀರಿಗೆ ಸವೆದುಹೋಗಿ, ಕಾಲಿಟ್ಟ ಮೇಲೆಯೇ ದೇವರೆಂದು ತಿಳಿಯುತ್ತದೆ. ಬುತ್ತಿ ಬಿಚ್ಚಲು ದೇವರಲ್ಲದ ಒಂದು ಕಲ್ಲು ಹುಡುಕುವುದಕ್ಕೆ ಹತ್ತು ನಿಮಿಷ ಬೇಕು. ಸಿಕ್ಕಿತೆಂದರೆ ಮುಗಿಯಿತು: ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ, ಮೀನು ಕಚಗುಳಿ ಇಡುವ ಪಾದ.

ಶಿರಸಿಯಿಂದ 17 ಕಿಲೋಮೀಟರ್. ಆಯಿ ಜೊತೆಗಿದ್ದರೆ ಆಟೋ, ಇಲ್ಲದಿದ್ದರೆ ಯಲ್ಲಾಪುರ ರಸ್ತೆಯ ಬಸ್ಸು ಹಿಡಿದು ಹುಳಗೋಳದಲ್ಲಿ ಇಳಿದು ನಡಿಗೆ. ಗಟ್ಟಿ ಕಾಲಿನ ಹುಡುಗರ ಗುಂಪಾದರೆ ಯಾಣವನ್ನೇ ಆರಿಸಿಕೊಳ್ಳಬಹುದು. ಮುದುಕಿ, ಮಕ್ಕಳು, ಮೂರು ಡಬ್ಬಿ ಬುತ್ತಿ ಇರುವ ನಮ್ಮಂಥವರಿಗೆ ಶಾಲ್ಮಲೆಯೇ ಸರಿ.

ಉಂಚಳ್ಳಿಗೆ ಮತ್ತೆ ಹೋಗುವುದಾದರೆ ಚೌತಿಗೆ ಊರಿಗೆ ಬಂದಾಗ. ಆಗ ನೀರಿನ ಜೊತೆ ರಕ್ತ ಹೀರುವ ಉಂಬಳಗಳೂ ಇರುತ್ತವೆ. ಉಪ್ಪು, ಸುಣ್ಣದ ಪೊಟ್ಟಣವನ್ನು ಆಯಿಯೇ ಕಟ್ಟಿಕೊಡುತ್ತಾಳಂತೆ, ತಾನು ಮಾತ್ರ ಬರುವುದಿಲ್ಲವಂತೆ.